ಚೌಗುಲೆ ಓಡಿದ ಲೆಕ್ಕದಲ್ಲಿ ನಮ್ಮ ಹುಡುಗರ ಓಟ

ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಬೆಳಗಿನ ಜಾವ ಓಡುವ ಹುಡುಗರ ತಲೆಯಲ್ಲಿ ಒಂದೇ ಲೆಕ್ಕ: 1600 ಮೀಟರ್, ಆರೂವರೆ ನಿಮಿಷ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಿದ್ರೆ ಇದನ್ನು ದಾಟಲೇಬೇಕು. ನಾನೂ ಅವರ ಜೊತೆ ಓಡ್ತೀನಿ. ಮೂರನೇ ಸುತ್ತಿನಲ್ಲಿ ಕಾಲಿಗಿಂತ ಮೊದಲು ಮನಸ್ಸು ಸೋಲುತ್ತೆ. ಆಗ ಅವರಿಗೆ ನಾನು ಹೇಳೋದು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯ ಕತೆ.

ಆಗಿನ್ನೂ ಕರ್ನಾಟಕ ಅನ್ನೋದೇ ಇರಲಿಲ್ಲ. ಬೆಳಗಾವಿ ಬಾಂಬೆ ಪ್ರೆಸಿಡೆನ್ಸಿಯಲ್ಲಿ, ಕೊಳ್ಳೇಗಾಲ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ, ಯಳಂದೂರು ಮೈಸೂರು ಸಂಸ್ಥಾನದಲ್ಲಿ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ಓಡೋದನ್ನು ಅದರ ಅಧ್ಯಕ್ಷ ದೊರಾಬ್ಜಿ ಟಾಟಾ ನೋಡಿದರು. ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಅನ್ನಿಸಿತು. ಹಣ ಹೊಂದಿಸಿದರು. ಮರುವರ್ಷ ನಾಲ್ವರು ಅಥ್ಲೀಟುಗಳು, ಇಬ್ಬರು ಕುಸ್ತಿಪಟುಗಳು ಹಡಗು ಹತ್ತಿದರು. ಅವರಲ್ಲಿ ಚೌಗುಲೆಯೂ ಒಬ್ಬ.

1920ರ ಆಗಸ್ಟ್ 22, ಬೆಲ್ಜಿಯಂನ ಆಂಟ್‌ವರ್ಪ್. ಮ್ಯಾರಥಾನ್ ದೂರ 42.75 ಕಿ.ಮೀ. ಕೊಳ್ಳೇಗಾಲದಲ್ಲಿ ಹೊರಟರೆ ಹನೂರನ್ನೂ ದಾಟಿ ಹೋಗುವಷ್ಟು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವನಾದ. ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಮೈನನ್ ಅವನಿಗಿಂತ 18 ನಿಮಿಷ ಮುಂದಿದ್ದ.

ಈಗ ಲೆಕ್ಕ ಹಾಕಿ. ಚೌಗುಲೆಯದು ಕಿಲೋಮೀಟರಿಗೆ ಸರಾಸರಿ ನಾಲ್ಕು ನಿಮಿಷ. ಕಾನ್‌ಸ್ಟೇಬಲ್ ಪರೀಕ್ಷೆ ಕೇಳೋದು ನಾಲ್ಕು ನಿಮಿಷ ನಾಲ್ಕು ಸೆಕೆಂಡ್. ನಮ್ಮ ಹುಡುಗರು ಒಂದೂವರೆ ಕಿಲೋಮೀಟರಿಗೆ ಏದುಸಿರು ಬಿಡುವ ವೇಗದಲ್ಲಿ ಅವನು ಸುಮಾರು ಮೂರು ಗಂಟೆ ಓಡಿದ್ದ. ಅದೂ ಪದಕ ಕಣ್ಣಿಗೇ ಕಾಣದ ಓಟ. ಮುಂದಿರುವವನನ್ನು ನೋಡಿ ಓಡಿದರೆ ಅವನು ಮರೆಯಾದ ಕ್ಷಣವೇ ನಾವು ನಿಲ್ತೀವಿ. ನಮ್ಮದೇ ಲಯ ಹಿಡಿದರೆ ಮಾತ್ರ ಕೊನೆ ಮುಟ್ಟೋದು.

ಇದು ನಮ್ಮ ಸೀಮೆಗೆ ಹೊಸದಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆಯುವವರು ಬೆಟ್ಟವನ್ನು ನೆನೆಯುತ್ತಾ ನಡೆಯಲ್ಲ. ಮೊದಲು ಹನೂರು, ಆಮೇಲೆ ಕೌದಳ್ಳಿ, ಆಮೇಲೆ ತಾಳುಬೆಟ್ಟ. ದೂರವನ್ನು ತುಂಡು ಮಾಡ್ತಾರೆ, ಗುಂಪಿನ ಉಘೇ ಕೂಗಿಗೆ ಹೆಜ್ಜೆ ಹೊಂದಿಸ್ತಾರೆ. ನಾವೂ ಹಾಗೇ ನಾಲ್ಕು ಸುತ್ತನ್ನು ನಾಲ್ಕು ಊರು ಅಂದ್ಕೊಂಡು ಓಡ್ತೀವಿ.

ಆದರೆ ಛಲವೊಂದೇ ಸಾಕು ಅನ್ನುವ ಭಾಷಣಗಳನ್ನು ನಾನು ನಂಬಲ್ಲ. ಚೌಗುಲೆಗೆ ಕಾಲಿತ್ತು, ಮನಸ್ಸಿತ್ತು. ಹಡಗಿನ ಟಿಕೆಟ್ ಇರಲಿಲ್ಲ. ಅದನ್ನು ಬೇರೆಯವರು ಕೊಡಬೇಕಾಯ್ತು. ಇವತ್ತು ಆ ಟಿಕೆಟ್ ಇರೋದು ಸರ್ಕಾರದ ಕೈಲಿ. 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಯ್ತು. ಮೈದಾನದಲ್ಲಿ ಗೆದ್ದಿದ್ದವರು ಮರುಪರೀಕ್ಷೆಗೆ 2024ರ ಜನವರಿವರೆಗೆ ಕಾದರು. ಓಡುವಾಗ ಮನಸ್ಸು ಗಟ್ಟಿ ಇಟ್ಟುಕೊಳ್ಳೋದು ಓಟಗಾರನ ಕೆಲಸ. ಗೆರೆಯನ್ನು ಇದ್ದ ಜಾಗದಲ್ಲೇ ಇಡೋದು ಅದನ್ನು ಎಳೆದವರ ಕೆಲಸ. ಎರಡನೆಯದನ್ನು ಕೇಳುವ ಹಕ್ಕು ಓಡುವ ಪ್ರತಿಯೊಬ್ಬರಿಗೂ ಇದೆ.