ಕಲಾವಿದ ಕೆ. ವೆಂಕಟಪ್ಪ (1886–1965): ಜೀವನ ಮತ್ತು ಸಾಧನೆ

ಆಧುನಿಕ ಭಾರತೀಯ ಚಿತ್ರಕಲೆಯ ಇತಿಹಾಸದಲ್ಲಿ ಸ್ಥಾನ ಪಡೆದ ಕನ್ನಡ ನಾಡಿನ ಕಲಾವಿದರಲ್ಲಿ ಶ್ರೀ ಕೆ. ವೆಂಕಟಪ್ಪನವರು ಪ್ರಮುಖರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಹೆಸರನ್ನು ಬಲ್ಲ ನಾಗರಿಕರಿಗೆ, ಆ ಹೆಸರಿನ ಹಿಂದಿರುವ ಮಹನೀಯರ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಮನೆತನ ಮತ್ತು ಶಿಕ್ಷಣ

ವೆಂಕಟಪ್ಪನವರು 1886ರಲ್ಲಿ ಮೈಸೂರು ಆಸ್ಥಾನದ ಚಿತ್ರಕಾರರ ಮನೆತನದಲ್ಲಿ ಜನಿಸಿದರು. ಮಕ್ಕಿ ಸಫೇದದ ಲೇಪದಿಂದ ಆಭರಣಗಳನ್ನು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುವುದು ಮೈಸೂರು ಶೈಲಿಯ ವೈಶಿಷ್ಟ್ಯ. ಇಂತಹ ಪರಂಪರೆಯಲ್ಲಿ ಬೆಳೆದ ಅವರು, ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅವರ ಸಹಪಾಠಿಗಳಲ್ಲೊಬ್ಬರು.

ಜಪಾನಿನ ಕಲಾವಿದರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ 1903ರಲ್ಲಿ ಕಲ್ಕತ್ತೆಗೆ ಬಂದಿದ್ದರು. ಒದ್ದೆ ಮಾಡಿದ ಹಾಳೆಯ ಮೇಲೆ ತೆಳುವಾದ ಬಣ್ಣವನ್ನು ಪದರಪದರವಾಗಿ ಹರಡುವ ವಾಶ್ ವಿಧಾನವನ್ನು ಅವನೀಂದ್ರನಾಥರು ರೂಢಿಸಿಕೊಳ್ಳಲು ಅವರ ಒಡನಾಟವು ಪ್ರೇರಣೆಯಾಯಿತು. ಗುರುವಿನ ಮೂಲಕ ಈ ವಿಧಾನವು ವೆಂಕಟಪ್ಪನವರಿಗೂ ಲಭಿಸಿತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರು ರಚಿಸಿ 1913ರಲ್ಲಿ ಪ್ರಕಟವಾದ ಪುರಾಣಕಥೆಗಳ ಆಂಗ್ಲ ಗ್ರಂಥದಲ್ಲಿ ಅವರ ರಾಮಾಯಣದ ಚಿತ್ರಗಳು ಸೇರಿವೆ.

ಕಲಾಸಾಧನೆ

ಮೈಸೂರಿಗೆ ಹಿಂದಿರುಗಿದ ನಂತರ ಅವರು ಮಹಾರಾಜರ ಆಶ್ರಯದಲ್ಲಿ ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳನ್ನು ರಚಿಸಿದರು. ಜಲವರ್ಣದಲ್ಲಿ ಅವರು ರಚಿಸಿದ ಊಟಿಯ (1926) ಹಾಗೂ ಕೊಡೈಕೆನಾಲ್‌ನ (1934) ನಿಸರ್ಗ ಚಿತ್ರಗಳು ವಿಶೇಷ ಮನ್ನಣೆ ಪಡೆದಿವೆ. ಮಂಜು, ಮೋಡ ಮತ್ತು ಬೆಳಕಿನ ಬದಲಾವಣೆಗಳನ್ನು ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾಗಿ ಗುರುತಿಸಲಾಗಿದೆ.

ಸಂಗೀತದಲ್ಲಿಯೂ ಅವರಿಗೆ ಅಪಾರ ಶ್ರದ್ಧೆಯಿತ್ತು. ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಸಿಸಿದರು. ವೀಣೆಯ ಗೀಳಿನಿಂದ ಚಿತ್ರಕಲೆಯನ್ನು ಬದಿಗಿರಿಸಿದ ತಮ್ಮನ್ನು ತಾವೇ ವಿಡಂಬಿಸಿಕೊಂಡು 1926ರಲ್ಲಿ ಒಂದು ಚಿತ್ರವನ್ನೂ ಬರೆದರು.

ಸ್ವಭಾವ ಮತ್ತು ಕೊನೆಯ ವರ್ಷಗಳು

ವೆಂಕಟಪ್ಪನವರು ಅವಿವಾಹಿತರಾಗಿ, ಕಟ್ಟುನಿಟ್ಟಿನ ಶಿಸ್ತಿನಲ್ಲಿ ಬಾಳಿದರು. ದಿನಚರಿಯನ್ನು ತಪ್ಪದೆ ಬರೆದಿಡುತ್ತಿದ್ದರು. ತಮ್ಮ ಕೃತಿಗಳನ್ನು ಮಾರಲು ಅಥವಾ ಪರರಿಗೆ ಒಪ್ಪಿಸಲು ಅವರು ಸುಲಭವಾಗಿ ಒಪ್ಪುತ್ತಿರಲಿಲ್ಲ. 1940ರಲ್ಲಿ ನಾಲ್ವಡಿಯವರು ನಿಧನರಾದ ಬಳಿಕ ಅರಮನೆಯ ಕೆಲಸವು ನಿಂತುಹೋಯಿತು. ದೀರ್ಘಕಾಲದ ಆಶ್ರಯವು ತಪ್ಪಿತು. ಆಗಲೂ ಅವರು ತಮ್ಮ ನಿಲುವನ್ನು ಸಡಿಲಿಸಲಿಲ್ಲ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು 1965ರಲ್ಲಿ ನಿಧನರಾದರು.

ಈ ಹಟವು ಅವರಿಗೆ ಬದುಕಿನಲ್ಲಿ ಕಷ್ಟವನ್ನೂ ಒಂಟಿತನವನ್ನೂ ತಂದಿತಾದರೂ, ಕೃತಿಗಳು ಚದುರಿಹೋಗದೆ ಉಳಿಯಲು ಅದೇ ಕಾರಣವಾಯಿತು. ನಿಧನಾನಂತರ ಅವು ಸರ್ಕಾರದ ಸಂರಕ್ಷಣೆಗೆ ಬಂದವು. ಕಲಾವಿದರ ಒತ್ತಾಯದ ಮೇರೆಗೆ, ಸರ್ಕಾರಿ ವಸ್ತು ಸಂಗ್ರಹಾಲಯದ ಆವರಣದಲ್ಲಿ ಅವರ ಹೆಸರಿನ ಚಿತ್ರಶಾಲೆಯು 1970ರ ದಶಕದಲ್ಲಿ ಆರಂಭವಾಯಿತು. ಹಣವುಳ್ಳವರಿಗೂ ಸುಲಭವಾಗಿ ದೊರೆಯದಿದ್ದ ಚಿತ್ರಗಳು ಹೀಗೆ ಸಾರ್ವಜನಿಕರ ಸ್ವತ್ತಾದವು.

ಸಾರ್ವಜನಿಕರ ಗಮನಕ್ಕೆ

ಜೆ.ಪಿ. ನಗರದ ಕಡೆಯಿಂದ ಬರುವವರು ಮೆಟ್ರೊದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ನೇರಳೆ ಮಾರ್ಗಕ್ಕೆ ಬದಲಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ಚಿತ್ರಶಾಲೆಯು ವೀಕ್ಷಣೆಗೆ ತೆರೆದಿರುವ ಬಗ್ಗೆ ಮುಂಚಿತವಾಗಿ ವಿಚಾರಿಸಿಕೊಂಡು ಭೇಟಿ ನೀಡಲು ಕೋರಲಾಗಿದೆ.