ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರು

ಕನ್ನಡ ಕುಲಪುರೋಹಿತರೆಂದು ನಾಡವರ ಗೌರವಕ್ಕೆ ಪಾತ್ರರಾದ ಆಲೂರು ವೆಂಕಟರಾಯರು 1880ರ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವಿದ್ಯಾರ್ಜನೆ ಮಾಡಿ, ಕಾನೂನು ಪದವಿ ಪಡೆದು, ಧಾರವಾಡದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ಆದರೆ ತಾರುಣ್ಯದಲ್ಲಿ ಕಂಡ ಹಂಪೆಯ ಹಾಳುಗಳು ಅವರ ಚಿತ್ತವನ್ನು ಬೇರೊಂದು ವ್ಯಾಜ್ಯದ ಕಡೆಗೆ ಎಳೆದವು. ಆ ವ್ಯಾಜ್ಯದಲ್ಲಿ ಕಕ್ಷಿದಾರಳು ಕನ್ನಡ ತಾಯಿ, ಸಾಕ್ಷಿ ಇತಿಹಾಸ.

ಕನ್ನಡಿಗರು ಅಂದು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಈ ವಿಭಜನೆಯ ನೋವನ್ನು ಕಾರವಾರ, ಅಂಕೋಲೆಗಳ ಜನರು ಚೆನ್ನಾಗಿ ಬಲ್ಲರು. 1799ರಲ್ಲಿ ಟೀಪು ಸುಲ್ತಾನರ ಪತನದ ತರುವಾಯ ಬ್ರಿಟಿಷರ ವಶವಾದ ಕನ್ನಡ ಕರಾವಳಿಯು ಮದರಾಸಿಗೆ ಸೇರಿತ್ತು. 1862ರಲ್ಲಿ ಅದರ ಉತ್ತರಭಾಗವನ್ನು ಮುಂಬಯಿಗೆ ವರ್ಗಾಯಿಸಲಾಯಿತು. ಕಾರವಾರ ಒಂದು ಪ್ರಾಂತಕ್ಕೂ ಮಂಗಳೂರು ಇನ್ನೊಂದಕ್ಕೂ ಉಳಿದವು. ಕಡಲೊಂದೇ, ಕಾಗದದ ಮೇಲೆ ನಾಡು ಮಾತ್ರ ಎರಡಾಯಿತು.

ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ಕರ್ನಾಟಕವು ಹೊಸದಾಗಿ ಬೇಡುವ ವಸ್ತುವಲ್ಲ, ಕಳೆದುಕೊಂಡದ್ದನ್ನು ಮರಳಿ ಪಡೆಯುವ ಹಕ್ಕು ಎಂಬುದು ಅವರ ವಾದದ ತಿರುಳು. ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಚರಿತ್ರೆಯೇ ಅದಕ್ಕೆ ಆಧಾರ. ಪರದೇಶಗಳಲ್ಲಿಯೂ ಇಂಥ ವಾದ ಅಪರಿಚಿತವಲ್ಲ. 1707ರಲ್ಲಿ ಇಂಗ್ಲೆಂಡಿನೊಡನೆ ಸೇರುವ ಮುನ್ನ ತಮಗೆ ಸ್ವಂತ ರಾಜ್ಯವೂ ಸಂಸತ್ತೂ ಇದ್ದವೆಂಬುದನ್ನೇ ಸ್ಕಾಟ್ಲೆಂಡಿನ ಸ್ವಾತಂತ್ರ್ಯವಾದಿಗಳು ಮುಂದಿಡುತ್ತ ಬಂದಿದ್ದಾರೆ. 2014ರ ಜನಮತದಲ್ಲಿ ಅವರಿಗೆ ಬಹುಮತ ದೊರೆಯಲಿಲ್ಲ. ವೆಂಕಟರಾಯರಾದರೋ ಅಗಲಿಕೆಯನ್ನು ಬಯಸಿದವರಲ್ಲ. ಭಾರತದೊಳಗೆ ಕನ್ನಡಿಗರು ಒಂದುಗೂಡಬೇಕೆಂಬುದೇ ಅವರ ಹಂಬಲ.

1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನು ಒಪ್ಪಿತು. ಸರಕಾರದ ನಕ್ಷೆಯಲ್ಲಿಲ್ಲದ ಕರ್ನಾಟಕವು ಕಾಂಗ್ರೆಸ್ಸಿನ ಪ್ರಾಂತವಾಗಿ ಮೈದಳೆಯಿತು. 1930ರಲ್ಲಿ ಆ ಪ್ರಾಂತದ ಉಪ್ಪಿನ ಸತ್ಯಾಗ್ರಹಕ್ಕೆ ಆರಿಸಿದ ತಾಣ ಅಂಕೋಲೆ. ರಾಜ್ಯವು ಹುಟ್ಟುವುದಕ್ಕೆ 26 ವರ್ಷ ಮೊದಲೇ ಅಂಕೋಲೆಯು ಸಮಸ್ತ ಕರ್ನಾಟಕದ ಕಡಲ ತೀರವಾಗಿತ್ತು.

1956ರ ನವೆಂಬರ್ 1ರಂದು ಏಕೀಕೃತ ರಾಜ್ಯವು ಉದಯಿಸಿದಾಗ ವೃದ್ಧರಾದ ವೆಂಕಟರಾಯರು ಅದನ್ನು ಕಣ್ಣಾರೆ ಕಂಡರು. ಆದರೆ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಕಾರವಾರವು ತನಗೆ ಸೇರಬೇಕೆಂದು ಮಹಾರಾಷ್ಟ್ರ ಹಕ್ಕು ಮಂಡಿಸಿತು. 1967ರಲ್ಲಿ ಮಹಾಜನ ಆಯೋಗವು ಅದನ್ನು ತಳ್ಳಿಹಾಕಿತು. ಕಾರವಾರದ ಬಹು ಮನೆಗಳಲ್ಲಿ ಕೊಂಕಣಿ ಮನೆಮಾತು. ಗತವೈಭವದ ವಾದಕ್ಕೆ ನಿಜವಾದ ಪರೀಕ್ಷೆ ಇಂಥಲ್ಲಿಯೇ. ಇತಿಹಾಸವು ಅರಸರ ಗೆಲವುಗಳ ಪಟ್ಟಿ ಮಾತ್ರವಾದರೆ ಅದು ನೆರೆಯವರೊಡನೆ ಜಗಳಕ್ಕೆ ಆಯುಧವಾದೀತು. ಬನವಾಸಿಯ ಕದಂಬರು ಆಳಿದ ಜಿಲ್ಲೆಯಲ್ಲಿ, ಸೋದೆಯ ಅರಸರು ಕಾಳಿಯ ಅಳಿವೆಯಲ್ಲಿ ಕಟ್ಟಿಸಿದ ಸದಾಶಿವಗಡದ ನೆರಳಿನಲ್ಲಿ, ಕೊಂಕಣಿಯೂ ಕನ್ನಡವೂ ಕೂಡಿ ಬಾಳಿದ ಬಾಳೂ ಇತಿಹಾಸವೇ. ಕಾರವಾರವನ್ನು ಕರ್ನಾಟಕಕ್ಕೆ ಬೆಸೆದ ಗಟ್ಟಿ ಬೆಸುಗೆ ಅದು.

1964ರ ಫೆಬ್ರುವರಿ 25ರಂದು ವೆಂಕಟರಾಯರು ಇಹಲೋಕ ತ್ಯಜಿಸಿದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದನ್ನು ನೋಡಲು ಅವರಿರಲಿಲ್ಲ. ಅವರು ಗೆದ್ದುಕೊಟ್ಟ ನಾಡಿನಲ್ಲಿ ಮನೆಯಲ್ಲೊಂದು ನುಡಿಯಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಿಗೆ ಇದು ತನ್ನದೇ ನಾಡೆಂಬ ಭಾವ ಮೂಡಿಸುವ ಹೊಣೆ ಗುರುಗಳದು; ಅಂಥ ಶಾಲೆಗಳನ್ನು ಪೋಷಿಸುವ ಪುಣ್ಯ ದಾನಿಗಳದು. ಕುಲಪುರೋಹಿತರಿಗೆ ಸಲ್ಲುವ ನಿಜವಾದ ಸ್ಮಾರಕ ಅದೇ.