ಕಲ್ಲು, ನೀರು, ಹಕ್ಕಿಗಳಲ್ಲಿ ದೇವರ ಪಾಠ ಓದಿದ ಸಾಧು ಸುಂದರ್ ಸಿಂಗ್

ಧರ್ಮೋಪದೇಶವೆಂದರೆ ಶಾಸ್ತ್ರಗ್ರಂಥಗಳ ವ್ಯಾಖ್ಯಾನ ಎಂಬ ಭಾವನೆ ಬೇರೂರಿದ್ದ ಕಾಲವದು. ಆಗ ಪಂಜಾಬಿನ ಯುವಕರೊಬ್ಬರು ಹೊಳೆಯ ತಳದ ಕಲ್ಲು, ಕಾಡ್ಗಿಚ್ಚಿಗೆ ಸಿಕ್ಕ ಹಕ್ಕಿ, ನೀರಿನಲ್ಲಿ ಕರಗಿದ ಉಪ್ಪು, ಅಲೆಯ ಮೇಲಿನ ದೋಣಿ ಇವುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಕ್ರೈಸ್ತ ವಿಶ್ವಾಸವನ್ನು ಬೋಧಿಸಲು ಹೊರಟರು. ಮೈಮೇಲೆ ಕಾವಿ, ಕೈಯಲ್ಲಿ ಉರ್ದು ಭಾಷೆಯ ಹೊಸ ಒಡಂಬಡಿಕೆ, ಬರಿಗಾಲು. ಇಷ್ಟೇ ಅವರ ಆಸ್ತಿ. ಹಿಮಾಲಯದ ಹಳ್ಳಿಗಳಿಂದ ಆಕ್ಸ್‌ಫರ್ಡ್‌ವರೆಗೆ ಜನ ಅವರ ಮಾತಿಗೆ ಕಿವಿಗೊಟ್ಟರು. ಅವರೇ ಸಾಧು ಸುಂದರ್ ಸಿಂಗ್.

ಭಾರತೀಯ ಕ್ರೈಸ್ತ ಪರಂಪರೆಯ ಅತ್ಯಂತ ಪ್ರಸಿದ್ಧ ಹೆಸರುಗಳಲ್ಲಿ ಒಂದಾದ ಅವರ ಬದುಕು ಪವಾಡಗಳ ಕಥೆಗಳಿಂದ ಎಷ್ಟು ತುಂಬಿದೆಯೆಂದರೆ, ಅವರ ನಿಜವಾದ ಕೊಡುಗೆ ಅನೇಕ ವೇಳೆ ಮರೆಯಾಗಿಬಿಡುತ್ತದೆ. ಪವಾಡಗಳ ಬಗ್ಗೆ ವಿವಾದವಿದೆ. ಆದರೆ ನಿತ್ಯಜೀವನದ ಸಾಮಾನ್ಯ ವಸ್ತುಗಳಲ್ಲಿ ವಿಶ್ವಾಸದ ಪಾಠ ಕಂಡುಕೊಂಡು, ಅದನ್ನು ಭಾರತೀಯರ ಮನಮುಟ್ಟುವ ಭಾಷೆಯಲ್ಲಿ ಹೇಳಿದ ಅವರ ರೀತಿಯ ಬಗ್ಗೆ ವಿವಾದವಿಲ್ಲ.

ತಾಯಿಯ ಹಂಬಲ

ಸುಂದರ್ ಸಿಂಗ್ ಹುಟ್ಟಿದ್ದು 1889ರ ಸೆಪ್ಟೆಂಬರ್ 3ರಂದು, ಪಂಜಾಬಿನ ಲೂಧಿಯಾನ ಸಮೀಪದ ರಾಮ್‌ಪುರ ಗ್ರಾಮದ ಸಿಖ್ ಕುಟುಂಬದಲ್ಲಿ. ಊರು ಆಗ ಪಟಿಯಾಲ ಸಂಸ್ಥಾನಕ್ಕೆ ಸೇರಿತ್ತು. ತಂದೆ ಶೇರ್ ಸಿಂಗ್ ಸ್ಥಿತಿವಂತ ಜಮೀನ್ದಾರರು. ತಾಯಿ ಅಪಾರ ದೈವಭಕ್ತೆ. ಗುರುದ್ವಾರಕ್ಕೆ ಹೋಗುತ್ತಿದ್ದಂತೆಯೇ ಹಿಂದೂ ಸಾಧುಗಳ ಬಳಿಗೂ ಮಗನನ್ನು ಕರೆದೊಯ್ಯುತ್ತಿದ್ದರು. ಕಿರಿಯ ಮಗ ಅಣ್ಣಂದಿರಂತೆ ಲೌಕಿಕದಲ್ಲಿ ಮುಳುಗದೆ ಸಾಧುವಾಗಬೇಕೆಂಬುದು ಅವರ ಹಂಬಲವಾಗಿತ್ತು. ಬಾಲಕ ಏಳನೆಯ ವಯಸ್ಸಿಗೇ ಭಗವದ್ಗೀತೆಯನ್ನು ಕಂಠಪಾಠ ಮಾಡಿದ್ದನೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಸುಂದರ್ ಸಿಂಗ್‌ಗೆ ಸುಮಾರು 14 ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಈ ಅಗಲಿಕೆ ಹುಡುಗನನ್ನು ಕಂಗೆಡಿಸಿತು. ಊರಿನಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನರಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಬೈಬಲ್ ಪಾಠ ಕಡ್ಡಾಯವಾಗಿತ್ತು. ದುಃಖ ಕೋಪವಾಗಿ ತಿರುಗಿ, ಆ ಕೋಪವೆಲ್ಲ ವಿದೇಶಿ ಧರ್ಮದ ಮೇಲೆ ಹರಿಯಿತು. 1904ರ ಡಿಸೆಂಬರ್ 16ರಂದು ಅವರು ಹೊಸ ಒಡಂಬಡಿಕೆಯ ಪ್ರತಿಯನ್ನು ಹರಿದು ಬೆಂಕಿಗೆ ಹಾಕಿದರು.

ಗ್ರಂಥ ಸುಟ್ಟರೂ ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ. ದೇವರಿದ್ದರೆ ದರ್ಶನ ಕೊಡಲಿ, ಇಲ್ಲವಾದರೆ ಬೆಳಗಿನ ಜಾವದ ರೈಲಿಗೆ ತಲೆಕೊಡುತ್ತೇನೆಂದು ನಿಶ್ಚಯಿಸಿ ಅವರು ಡಿಸೆಂಬರ್ 18ರ ನಸುಕಿನಲ್ಲಿ ಪ್ರಾರ್ಥನೆಗೆ ಕುಳಿತರು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಬೆಳಕು ತುಂಬಿ ಯೇಸು ಕ್ರಿಸ್ತನ ದರ್ಶನವಾಯಿತೆಂದು ಅವರು ಜೀವನದುದ್ದಕ್ಕೂ ಹೇಳಿದರು. ಎರಡು ದಿನಗಳ ಹಿಂದೆ ಬೈಬಲ್ ಸುಟ್ಟ ಮಗ ತಾನು ಕ್ರೈಸ್ತನಾದೆನೆಂದಾಗ ತಂದೆಗೆ ನಂಬಲಾಗಲಿಲ್ಲ.

ಮನೆಯವರು ಮೊದಲು ಓಲೈಸಿದರು, ಅನಂತರ ಬೆದರಿಸಿದರು. ಸಿಖ್ಖರ ಗುರುತಾದ ಉದ್ದಗೂದಲನ್ನು ಕತ್ತರಿಸಿಕೊಂಡ ಮೇಲೆ ಅವರನ್ನು ಮನೆಯಿಂದ ಹೊರಹಾಕಲಾಯಿತು. ಹೊರಡುವ ಮುನ್ನ ಕೊಟ್ಟ ಊಟದಲ್ಲಿ ವಿಷ ಬೆರೆಸಲಾಗಿತ್ತೆಂದೂ ಸಾವಿನ ಅಂಚಿನಿಂದ ತಾವು ಪಾರಾದುದಾಗಿಯೂ ಅವರು ಮುಂದೆ ವಿವರಿಸಿದ್ದಾರೆ. ತಮ್ಮ 16ನೆಯ ಹುಟ್ಟುಹಬ್ಬದಂದು, 1905ರ ಸೆಪ್ಟೆಂಬರ್ 3ರಂದು, ಶಿಮ್ಲಾದಲ್ಲಿ ಅವರು ದೀಕ್ಷಾಸ್ನಾನ ಪಡೆದರು.

ಸ್ವದೇಶಿ ಪಾತ್ರೆಯಲ್ಲಿ ನೀರು

ದೀಕ್ಷಾಸ್ನಾನವಾಗಿ ಸುಮಾರು ಒಂದು ತಿಂಗಳಿಗೆ ಸುಂದರ್ ಸಿಂಗ್ ತಮ್ಮ ಪುಸ್ತಕಗಳನ್ನೂ ಸಾಮಾನುಗಳನ್ನೂ ಹಂಚಿಬಿಟ್ಟು ಕಾವಿ ಧರಿಸಿದರು. ತಾಯಿ ಬಯಸಿದಂತೆ ಮಗ ಸಾಧುವಾದರು. ಆದರೆ ಆಕೆ ಊಹಿಸದ ರೀತಿಯಲ್ಲಿ, ಕ್ರೈಸ್ತ ಸಾಧುವಾದರು. ಮತಾಂತರಗೊಂಡವರು ಪಾಶ್ಚಾತ್ಯ ಉಡುಪು, ಪಾಶ್ಚಾತ್ಯ ಹೆಸರು, ಪಾಶ್ಚಾತ್ಯ ನಡವಳಿಕೆಗಳನ್ನು ರೂಢಿಸಿಕೊಳ್ಳುವುದು ಸಾಮಾನ್ಯವಾಗಿದ್ದ ದಿನಗಳಲ್ಲಿ ಇದು ಹಲವರ ಹುಬ್ಬೇರಿಸಿತು.

ತಮ್ಮ ಈ ನಿರ್ಧಾರಕ್ಕೆ ಅವರು ಕೊಡುತ್ತಿದ್ದ ಕಾರಣ ರೈಲು ನಿಲ್ದಾಣದ ಒಂದು ಘಟನೆ. ಬಿಸಿಲಿನ ಝಳಕ್ಕೆ ಬಸವಳಿದು ಬಿದ್ದ ಬ್ರಾಹ್ಮಣ ಪ್ರಯಾಣಿಕರೊಬ್ಬರಿಗೆ ನಿಲ್ದಾಣದವರು ಬಿಳಿಯ ಕಪ್ಪಿನಲ್ಲಿ ನೀರು ತಂದುಕೊಟ್ಟರು. ಬಾಯಾರಿಕೆಯಿಂದ ಪ್ರಾಣ ಹೋಗುತ್ತಿದ್ದರೂ ಅವರು ಆ ನೀರನ್ನು ಮುಟ್ಟಲಿಲ್ಲ. ಅವರದೇ ಹಿತ್ತಾಳೆ ಪಾತ್ರೆಯಲ್ಲಿ ಕೊಟ್ಟಾಗ ಸಂತೋಷದಿಂದ ಕುಡಿದರು. ನೀರು ಒಂದೇ, ಪಾತ್ರೆ ಮಾತ್ರ ಬೇರೆ. ಜೀವಜಲವನ್ನು ಪರದೇಶದ ಪಾತ್ರೆಯಲ್ಲಿ ನೀಡಿದರೆ ಭಾರತೀಯರು ಸ್ವೀಕರಿಸಲಾರರು, ತಮ್ಮದೇ ಪಾತ್ರೆಯಲ್ಲಿ ಕೊಟ್ಟರೆ ಸ್ವೀಕರಿಸುವರು ಎಂಬುದು ಅವರ ಅಭಿಪ್ರಾಯವಾಗಿತ್ತು. ಅವರು ತೊಟ್ಟ ಕಾವಿ ಅಂಥ ಒಂದು ಪಾತ್ರೆ. ಅವರು ಹೇಳಿದ ದೃಷ್ಟಾಂತಗಳು ಇನ್ನೊಂದು.

ಹಿಮಾಲಯವೇ ಪಾಠಶಾಲೆ

ಶಿಮ್ಲಾ ಬೆಟ್ಟಗಳ ಸಬಾತು ಮತ್ತು ಕೋಟ್‌ಗಢ ಅವರ ಸಂಚಾರದ ನೆಲೆಗಳಾದವು. ಸಬಾತುವಿನಲ್ಲಿ ಕುಷ್ಠರೋಗಿಗಳ ಆಶ್ರಯಧಾಮವಿತ್ತು. ಅಮೆರಿಕದ ಶ್ರೀಮಂತ ಮನೆತನದಿಂದ ಬಂದಿದ್ದ ಸ್ಯಾಮ್ಯುಯೆಲ್ ಸ್ಟೋಕ್ಸ್ ಅಲ್ಲಿ ಸೇವೆಗೆ ನಿಂತಿದ್ದರು. ಇಬ್ಬರೂ ಕೆಲಕಾಲ ಜತೆಯಾಗಿ ಸಂಚರಿಸಿದರು. ಮುಂದೆ ಇದೇ ಸ್ಟೋಕ್ಸ್ ಕೋಟ್‌ಗಢದಲ್ಲಿ ಸೇಬಿನ ಕೃಷಿ ಆರಂಭಿಸಿ ಹಿಮಾಚಲದ ಆರ್ಥಿಕತೆಯನ್ನೇ ಬದಲಿಸಿದರು.

1908ರಿಂದ ಸುಂದರ್ ಸಿಂಗ್ ಬೇಸಿಗೆಗಳಲ್ಲಿ ಕಣಿವೆಗಳನ್ನು ದಾಟಿ ಟಿಬೆಟ್‌ನತ್ತ ನಡೆಯತೊಡಗಿದರು. ಹಿಮದಲ್ಲಿ ಬರಿಗಾಲಲ್ಲಿ ನಡೆದು ಪಾದಗಳಿಂದ ನೆತ್ತರು ಸುರಿಯುತ್ತಿದ್ದುದರಿಂದ ಅವರಿಗೆ ರಕ್ತಪಾದಗಳ ಅಪೊಸ್ತಲ ಎಂಬ ಹೆಸರೂ ಬಂತು. ಈ ಒಂಟಿ ನಡಿಗೆಗಳಲ್ಲಿ ಅವರು ಕಂಡದ್ದೆಲ್ಲ ಮುಂದೆ ಅವರ ಬೋಧನೆಗೆ ಸಾಮಗ್ರಿಯಾಯಿತು.

ಹಿಮಪಾತದ ಕಥೆ ಅವುಗಳಲ್ಲಿ ಹೆಸರಾದದ್ದು. ಟಿಬೆಟನ್ ಒಬ್ಬನ ಜತೆ ಕೊರೆಯುವ ಚಳಿಯಲ್ಲಿ ಸಾಗುತ್ತಿದ್ದಾಗ, ಪ್ರಪಾತದ ಕೆಳಗೆ ಬಿದ್ದಿದ್ದ ಮನುಷ್ಯನೊಬ್ಬ ಅವರ ಕಣ್ಣಿಗೆ ಬಿದ್ದ. ನಿಂತರೆ ನಾವೇ ಸಾಯುತ್ತೇವೆಂದು ಜತೆಗಾರ ಮುಂದೆ ಹೊರಟುಹೋದ. ಸುಂದರ್ ಸಿಂಗ್ ಕೆಳಗಿಳಿದು ಆ ಮನುಷ್ಯನನ್ನು ಬೆನ್ನ ಮೇಲೆ ಹೊತ್ತು ನಡೆದರು. ಹೊರೆಯ ಶ್ರಮದಿಂದ ಮೈ ಬಿಸಿಯಾಯಿತು, ಒಬ್ಬರ ಮೈಶಾಖ ಇನ್ನೊಬ್ಬರನ್ನು ಕಾಪಾಡಿತು. ಸ್ವಲ್ಪ ದೂರ ಹೋದಾಗ ಮುಂದೆ ಹೋದ ಜತೆಗಾರ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತುಬಿದ್ದಿದ್ದ. ಪ್ರಾಣ ಉಳಿಸಿಕೊಳ್ಳಲು ಹೋದವನು ಕಳೆದುಕೊಳ್ಳುವನೆಂಬ ಸುವಾರ್ತೆಯ ಬೋಧನೆಯನ್ನು ಅವರು ವಿವರಿಸುತ್ತಿದ್ದದ್ದು ಹೀಗೆ.

ಕಾಡ್ಗಿಚ್ಚಿನಲ್ಲಿ ಗೂಡಿಗೆ ಬೆಂಕಿ ತಗುಲಿದಾಗ, ಹಾರಿಹೋಗಬಹುದಾಗಿದ್ದ ತಾಯಿಹಕ್ಕಿ ಮರಿಗಳ ಮೇಲೆ ರೆಕ್ಕೆ ಹರಡಿ ಅವುಗಳೊಡನೆಯೇ ಬೂದಿಯಾದ ದೃಶ್ಯ ಅವರಿಗೆ ಕ್ರಿಸ್ತನ ಶಿಲುಬೆಯ ಪ್ರೀತಿಯನ್ನು ನೆನಪಿಸಿತು. ಕಣ್ಣಿಗೆ ಕಾಣದ ದೇವರನ್ನು ನಂಬುವುದು ಹೇಗೆಂಬ ಪ್ರಶ್ನೆಗೆ ನೀರಿನಲ್ಲಿ ಕರಗಿದ ಉಪ್ಪು ಉತ್ತರವಾಯಿತು. ಉಪ್ಪು ಕಾಣುವುದಿಲ್ಲ, ಆದರೆ ರುಚಿ ನೋಡಿದವನಿಗೆ ಅದರ ಇರುವಿಕೆಯಲ್ಲಿ ಅನುಮಾನವಿಲ್ಲ. ಇಲ್ಲಿ ಉಪನಿಷತ್ತಿನ ಉದ್ದಾಲಕ ಮಗ ಶ್ವೇತಕೇತುವಿಗೆ ಉಪ್ಪು ಕರಗಿದ ನೀರು ಕುಡಿಸಿ ಪಾಠ ಹೇಳಿದ ಪ್ರಸಂಗ ಓದುಗರಿಗೆ ನೆನಪಾಗುವುದು ಸಹಜ. ಸುಂದರ್ ಸಿಂಗ್ ಬೆಳೆದ ಪರಿಸರ ಅವರ ಮಾತಿನಲ್ಲಿ ಹೀಗೆ ಉಳಿದುಕೊಂಡಿತ್ತು.

ಪ್ರಾರ್ಥನೆ ಏಕೆ ಬೇಕೆಂದರೆ ಅವರು ಹಾಲೂಡುವ ತಾಯಿಯನ್ನು ತೋರಿಸುತ್ತಿದ್ದರು. ತಾಯಿಯ ಎದೆಯಲ್ಲಿ ಹಾಲಿದ್ದರೂ ಮಗು ತಾನೇ ಹೀರಿದರೆ ಮಾತ್ರ ಹೊಟ್ಟೆ ತುಂಬುತ್ತದೆ. ಸಂಸಾರದಲ್ಲಿದ್ದೂ ಅದಕ್ಕೆ ಅಂಟಿಕೊಳ್ಳದಿರುವುದು ಹೇಗೆಂದರೆ ದೋಣಿಯ ಮಾತು ಬರುತ್ತಿತ್ತು. ದೋಣಿ ನೀರಿನ ಮೇಲಿದ್ದರೆ ಕ್ಷೇಮ, ನೀರು ದೋಣಿಯೊಳಗೆ ಬಂದರೆ ಅಪಾಯ. ಬದುಕೆಲ್ಲ ಸಮುದ್ರದಲ್ಲೇ ಕಳೆದರೂ ಮೀನಿನ ಮೈ ಉಪ್ಪಾಗುವುದಿಲ್ಲ, ಏಕೆಂದರೆ ಅದರಲ್ಲಿ ಜೀವವಿದೆ ಎಂಬುದು ಇದೇ ಸಾಲಿನ ಇನ್ನೊಂದು ಹೋಲಿಕೆ.

ಕಾಲೇಜಿನಿಂದ ಹೊರನಡೆ

1909ರ ಕೊನೆಯಲ್ಲಿ ಅವರು ಲಾಹೋರಿನ ಸೇಂಟ್ ಜಾನ್ಸ್ ಡಿವಿನಿಟಿ ಕಾಲೇಜಿಗೆ ಸೇರಿದರು. ಆಂಗ್ಲಿಕನ್ ಪಾದ್ರಿಯಾಗಲು ಬೇಕಾದ ಶಿಕ್ಷಣ ಅದು. ಆದರೆ ಸಭೆಯ ಇತಿಹಾಸ, ಪೂಜಾಕ್ರಮ, ಸಿದ್ಧಾಂತಗಳ ಪಾಠ ಅವರಿಗೆ ಒಗ್ಗಲಿಲ್ಲ. ಕಾವಿ ಬಿಟ್ಟು ಪಾದ್ರಿಯ ಉಡುಪು ತೊಡಬೇಕು, ನಿಗದಿತ ಕ್ಷೇತ್ರದಲ್ಲೇ ಕೆಲಸ ಮಾಡಬೇಕೆಂಬ ಕಟ್ಟುಪಾಡು ಇನ್ನೂ ದೊಡ್ಡ ತೊಡಕಾಯಿತು. ಕೆಲವೇ ತಿಂಗಳಲ್ಲಿ ಅವರು ಕಾಲೇಜು ಬಿಟ್ಟರು. ಬೋಧನೆಗೆ ದೊರೆತಿದ್ದ ಅನುಮತಿ ಪತ್ರವನ್ನೂ ಬಿಷಪ್ ಲೆಫ್ರಾಯ್ ಅವರಿಗೆ ಹಿಂದಿರುಗಿಸಿದರು. ಅದರೊಂದಿಗೆ ಸಂಬಳ, ವಸತಿ, ಸಂಸ್ಥೆಯ ರಕ್ಷಣೆ ಎಲ್ಲವೂ ಹೋದವು. ಯಾವ ಪಂಗಡಕ್ಕೂ ಸೇರದೆ ಎಲ್ಲ ಪಂಗಡಗಳಲ್ಲೂ ಮಾತನಾಡುವ ಸ್ವಾತಂತ್ರ್ಯ ಮಾತ್ರ ಉಳಿಯಿತು.

1918ರಲ್ಲಿ ಅವರು ಮದರಾಸು, ತಿರುವಾಂಕೂರು ಮತ್ತು ಸಿಲೋನಿನಲ್ಲಿ ಪ್ರವಾಸ ಮಾಡಿದರು. ಅನಂತರ ಬರ್ಮಾ, ಮಲಯ, ಚೀನಾ, ಜಪಾನ್‌ಗಳಿಗೂ ಹೋಗಿಬಂದರು. ಇಷ್ಟರಲ್ಲಿ ತಂದೆ ಶೇರ್ ಸಿಂಗ್ ಮಗನ ದಾರಿಯನ್ನು ಒಪ್ಪಿಕೊಂಡಿದ್ದರಲ್ಲದೆ ತಾವೂ ಕ್ರೈಸ್ತರಾಗಿದ್ದರು. 1920ರಲ್ಲಿ ಸುಂದರ್ ಸಿಂಗ್ ಇಂಗ್ಲೆಂಡಿಗೆ ಹೊರಟಾಗ ಪ್ರಯಾಣದ ಖರ್ಚನ್ನು ಕೊಟ್ಟವರು, ಹಿಂದೆ ಮನೆಯಿಂದ ಹೊರಹಾಕಿದ್ದ ಅದೇ ತಂದೆ.

ಪಶ್ಚಿಮಕ್ಕೆ ಒಣಕಲ್ಲಿನ ಪಾಠ

1920ರಲ್ಲಿ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ. 1922ರಲ್ಲಿ ಪ್ಯಾಲೆಸ್ಟೈನ್, ಸ್ವಿಟ್ಜರ್ಲೆಂಡ್, ಜರ್ಮನಿ, ಸ್ವೀಡನ್ ಮೊದಲಾದ ದೇಶಗಳು. ಮಹಾಯುದ್ಧದಿಂದ ಜರ್ಜರಿತವಾಗಿದ್ದ ಯೂರೋಪಿನಲ್ಲಿ ಸಭಾಂಗಣಗಳು ಕಿಕ್ಕಿರಿದವು. ಹೊಗಳಿಕೆಯಿಂದ ಅಹಂಕಾರ ಬರುವುದಿಲ್ಲವೇ ಎಂಬ ಪ್ರಶ್ನೆಗೆ, ಯೇಸುವನ್ನು ಹೊತ್ತು ಜೆರೂಸಲೇಮಿಗೆ ಬಂದ ಕತ್ತೆಯನ್ನು ಅವರು ನೆನಪಿಸುತ್ತಿದ್ದರು. ಜನ ದಾರಿಗೆ ಬಟ್ಟೆ ಹಾಸಿದ್ದು ಕತ್ತೆಗಾಗಿ ಅಲ್ಲ.

ಆತಿಥ್ಯ ನೀಡಿದವರನ್ನು ಮೆಚ್ಚಿಸುವ ಮಾತು ಅವರದಾಗಿರಲಿಲ್ಲ. ಹಿಮಾಲಯದ ನದಿಯಿಂದ ದುಂಡನೆಯ ಕಲ್ಲೊಂದನ್ನು ತೆಗೆದು ಒಡೆದು ನೋಡಿದಾಗ ಒಳಗೆ ಪೂರ್ತಿ ಒಣಗಿತ್ತು. ಬಹುಕಾಲ ನೀರಿನಲ್ಲೇ ಬಿದ್ದಿದ್ದರೂ ಹನಿ ನೀರು ಒಳಗಿಳಿದಿರಲಿಲ್ಲ. ಶತಮಾನಗಳಿಂದ ಕ್ರೈಸ್ತಧರ್ಮದ ನಡುವೆಯೇ ಇರುವ ಯೂರೋಪಿನ ಸ್ಥಿತಿಯೂ ಇದೇ ಎಂದು ಅವರು ಯೂರೋಪಿಯನ್ನರ ಮುಂದೆಯೇ ನುಡಿದರು. ಆಳುವ ದೊರೆಗಳ ನಾಡಿನಲ್ಲಿ ನಿಂತು, ವಸಾಹತು ದೇಶದ ಕಾವಿಧಾರಿಯೊಬ್ಬರು ಆಡಿದ ಮಾತಿದು.

ಆಕ್ಸ್‌ಫರ್ಡ್ ವಿದ್ವಾಂಸ ಬಿ.ಎಚ್. ಸ್ಟ್ರೀಟರ್ ಹಾಗೂ ಮುಂದೆ ಕೊಯಮತ್ತೂರಿನ ಬಿಷಪ್ ಆದ ಎ.ಜೆ. ಅಪ್ಪಾಸಾಮಿ ಅವರೊಡನೆ ಸುದೀರ್ಘವಾಗಿ ಮಾತನಾಡಿ 1921ರಲ್ಲಿ ಪುಸ್ತಕವೊಂದನ್ನು ಹೊರತಂದರು. ಸುಂದರ್ ಸಿಂಗ್ ಸ್ವತಃ ಉರ್ದುವಿನಲ್ಲಿ ಬರೆದ ಮೊದಲ ಕೃತಿಯನ್ನು ತಿರುವಾಂಕೂರಿನ ಮಿಷನರಿಗಳಾದ ಪಾರ್ಕರ್ ದಂಪತಿ ಇಂಗ್ಲಿಷಿಗೆ ತಂದರು. ಅಟ್ ದ ಮಾಸ್ಟರ್ಸ್ ಫೀಟ್ ಎಂಬ ಹೆಸರಿನ ಆ ಕಿರುಪುಸ್ತಕ ಗುರು-ಶಿಷ್ಯ ಸಂವಾದದ ರೂಪದಲ್ಲಿದ್ದು, ಅದರ ತುಂಬ ಇಂಥ ದೃಷ್ಟಾಂತಗಳೇ ಇವೆ.

ಕಥೆ ಸತ್ಯವೇ ಎಂಬ ಪ್ರಶ್ನೆ

ಕೀರ್ತಿಯ ಬೆನ್ನಿಗೇ ಸಂಶಯವೂ ಬಂತು. ಟಿಬೆಟ್‌ನಲ್ಲಿ ತಮ್ಮನ್ನು ಹೆಣಗಳಿದ್ದ ಬಾವಿಗೆ ತಳ್ಳಲಾಗಿತ್ತೆಂದೂ ಅದೃಶ್ಯ ಸಹಾಯದಿಂದ ಹೊರಬಂದೆನೆಂದೂ ಅವರು ಹೇಳಿಕೊಂಡಿದ್ದರು. ಕೈಲಾಸದ ಬಳಿ ಅತಿ ವೃದ್ಧ ಮಹರ್ಷಿಯೊಬ್ಬರನ್ನು ಕಂಡ ವೃತ್ತಾಂತವೂ ಇತ್ತು. ಜೆಸ್ಯೂಟ್ ಪಾದ್ರಿಗಳಾದ ಹೋಸ್ಟನ್ ಮತ್ತು ಸಿಯರ್ಪ್ ಇವುಗಳಿಗೆ ಪುರಾವೆ ಎಲ್ಲಿದೆಯೆಂದು ಕೇಳಿದರು. ಸ್ವಿಟ್ಜರ್ಲೆಂಡಿನ ಪಾದ್ರಿ ಹಾಗೂ ಮನೋವಿಶ್ಲೇಷಕ ಆಸ್ಕರ್ ಫಿಸ್ಟರ್ 1926ರಲ್ಲಿ ಇದೆಲ್ಲ ದಂತಕಥೆ ಎಂದು ಬರೆದರು. ಜರ್ಮನ್ ವಿದ್ವಾಂಸ ಫ್ರೀಡ್ರಿಖ್ ಹೈಲರ್ ಪುಸ್ತಕಗಳನ್ನೇ ಬರೆದು ಸಾಧುವಿನ ಪರ ನಿಂತರು. ಸ್ವೀಡನ್ನಿನ ಆರ್ಚ್‌ಬಿಷಪ್ ನಾಥನ್ ಸೋಡರ್‌ಬ್ಲೂಮ್ ಕೂಡ ಅವರ ಕೈಬಿಡಲಿಲ್ಲ.

ಈ ವಿವಾದದ ಬೇರು ಅವರ ವಿಧಾನದಲ್ಲೇ ಇತ್ತು. ಕಂಡದ್ದನ್ನು, ಕೇಳಿದ್ದನ್ನು, ಧ್ಯಾನದಲ್ಲಿ ಹೊಳೆದದ್ದನ್ನು ಅವರು ಒಂದೇ ಧಾಟಿಯಲ್ಲಿ ಹೇಳುತ್ತಿದ್ದರು. ಭಾರತದ ಕೇಳುಗರು ಕಥೆಯ ತಿರುಳನ್ನು ಹಿಡಿದರೆ, ಯೂರೋಪಿನ ವಿಮರ್ಶಕರು ದಿನಾಂಕ, ಸ್ಥಳ, ಸಾಕ್ಷಿಗಳನ್ನು ಕೇಳಿದರು. ಆ ಪ್ರಶ್ನೆಗಳು ಅನ್ಯಾಯದವಾಗಿರಲಿಲ್ಲ; ಅವುಗಳಲ್ಲಿ ಕೆಲವಕ್ಕೆ ಇಂದಿಗೂ ಉತ್ತರವಿಲ್ಲ. ಆದರೆ ಉಪ್ಪು ನೀರಿನಲ್ಲಿ ಕರಗುತ್ತದೆ, ದೋಣಿಯೊಳಗೆ ನೀರು ಬಂದರೆ ಮುಳುಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿಲ್ಲ. ಅವರ ಪವಾಡಗಳನ್ನು ನಂಬದವರೂ ಅವರ ಹೋಲಿಕೆಗಳನ್ನು ಒಪ್ಪಲು ಸಾಧ್ಯವಾದದ್ದು ಈ ಕಾರಣದಿಂದ.

ಹಿಂದಿರುಗದ ಯಾತ್ರೆ

ಆರೋಪಗಳಿಗೆ ಅವರು ವಾದಕ್ಕಿಳಿಯುವ ಬದಲು ಬರವಣಿಗೆಗೆ ಕುಳಿತರು. ಅಲೆದಾಟದಿಂದ ದೇಹ ಕುಗ್ಗಿತ್ತು, ಹೃದಯ ದುರ್ಬಲವಾಗಿತ್ತು, ಕಣ್ಣಿನ ತೊಂದರೆಯೂ ಇತ್ತು. ಸಬಾತುವಿನ ಮನೆಯಲ್ಲಿದ್ದುಕೊಂಡು ಕೆಲವೇ ವರ್ಷಗಳಲ್ಲಿ ಹಲವು ಕಿರುಪುಸ್ತಕಗಳನ್ನು ರಚಿಸಿದರು. 1927ರಲ್ಲಿ ಟಿಬೆಟ್‌ಗೆ ಹೊರಟು ಅನಾರೋಗ್ಯದಿಂದ ಅರ್ಧದಾರಿಯಲ್ಲೇ ಹಿಂದಿರುಗಿದರು.

ಸ್ನೇಹಿತರು ಬೇಡವೆಂದರೂ 1929ರ ಏಪ್ರಿಲ್‌ನಲ್ಲಿ ಮತ್ತೆ ಹೊರಟರು. ಆಗ ಅವರಿಗೆ 39 ವರ್ಷ. ಬೇಸಿಗೆ ಮುಗಿದರೂ ಸುದ್ದಿ ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ಯಾವ ಕುರುಹೂ ಸಿಗಲಿಲ್ಲ. 1933ರಲ್ಲಿ ಸರ್ಕಾರ ಅವರನ್ನು ಮೃತರೆಂದು ಪರಿಗಣಿಸಿತು. ಸಮಾಧಿಯಿಲ್ಲ, ಸಾವಿನ ದಿನಾಂಕವೂ ಇಲ್ಲ.

ಅವರು ಮಠ ಕಟ್ಟಲಿಲ್ಲ, ಪಂಗಡ ಸ್ಥಾಪಿಸಲಿಲ್ಲ, ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ಆದರೂ ಅವರು ತೊರೆದುಬಂದ ಆಂಗ್ಲಿಕನ್ ವ್ಯವಸ್ಥೆಯ ತಾಯಿಸಭೆಯಾದ ಚರ್ಚ್ ಆಫ್ ಇಂಗ್ಲೆಂಡ್ ಪ್ರತಿವರ್ಷ ಜೂನ್ 19ರಂದು ಅವರನ್ನು ಸ್ಮರಿಸುತ್ತದೆ. ಹಿಮದಲ್ಲಿ ಹೊರೆ ಹೊತ್ತವನ ಕಥೆ, ಹೊಳೆಯ ಒಣಕಲ್ಲಿನ ಕಥೆ ನಾನಾ ಭಾಷೆಗಳ ಪ್ರಸಂಗಗಳಲ್ಲಿ, ಅನೇಕ ವೇಳೆ ಹೇಳಿದವರ ಹೆಸರೂ ಇಲ್ಲದೆ, ಇಂದಿಗೂ ಕೇಳಿಬರುತ್ತವೆ.